ಅಂಗಾಲು ಒತ್ತಿದರೆ ಡೋಪಮೈನ್ ಹೆಚ್ಚುತ್ತದೆಯೇ?

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಿವೆ: ಔಷಧಿ ಇಲ್ಲದೆ, ಬರೀ ಒತ್ತಿ, ತಟ್ಟಿ, ಎಳೆದು ನರದ ಕಾಯಿಲೆ ವಾಸಿ ಮಾಡಬಹುದೇ? ರಾಯಚೂರಿನಲ್ಲಿ 22 ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಒತ್ತುವುದು, ತಟ್ಟುವುದು, ಎಳೆಯುವುದೇ ನನ್ನ ಅನ್ನ. ಹಾಗಾಗಿ ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲು ಮನಸ್ಸು ಒಪ್ಪುವುದಿಲ್ಲ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದೇ ಹೆಚ್ಚು ಜಾಗ ತಿಂದಿದೆ. ಅದು ನನ್ನ ಮನೆಯ ಕಥೆಯೂ ಹೌದು.

ಮೇಡಂ, ನಮ್ಮ ಅಪ್ಪನಿಗೆ 67 ವರ್ಷ. ಭತ್ತ ಬೆಳೆಯುವ ರೈತರು. ನಾಲ್ಕು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಬಲಗೈ ನಡುಗುತ್ತದೆ. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಈಚೆಗೆ ನಮ್ಮ ಕಡೆ ನಡೆದ ಒಂದು ಶಿಬಿರದಲ್ಲಿ ಅಂಗಾಲಿನ ಬಿಂದುಗಳನ್ನು ಒತ್ತಿದರೆ ಮೆದುಳಿನಲ್ಲಿ ಡೋಪಮೈನ್ ತಾನಾಗಿ ಹೆಚ್ಚುತ್ತದೆ ಎಂದರು. ಮೂತ್ರ ಪರೀಕ್ಷೆಯ ವರದಿಯಲ್ಲಿ ಡೋಪಮೈನ್ ಏರಿದ್ದನ್ನೂ ತೋರಿಸಿದರು. ಮಾತ್ರೆ ಬಿಟ್ಟರೆ ಬೇಗ ಗುಣ ಎಂದರು. ಮೊದಲ ಮೂರು ದಿನ ಅಪ್ಪನಿಗೆ ನಿಜವಾಗಿಯೂ ಹಗುರವಾಯಿತು. ಈಗ ಮಾತ್ರೆ ಬೇಡವೆಂದು ಹಠ ಹಿಡಿದಿದ್ದಾರೆ. ಏನು ಮಾಡಲಿ?
— ಒಬ್ಬ ಓದುಗರು, ಸಿಂಧನೂರು ತಾಲ್ಲೂಕು

ತಮ್ಮಾ, ಮಿಕ್ಕಿದ್ದನ್ನು ಆಮೇಲೆ ಓದಿ. ಮಾತ್ರೆ ಈಗಾಗಲೇ ನಿಂತಿದ್ದರೆ ಇವತ್ತೇ ಅವರನ್ನು ನೋಡುವ ವೈದ್ಯರಿಗೆ ಫೋನ್ ಮಾಡಿ. ಪಾರ್ಕಿನ್ಸನ್ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಕೆಲವರಿಗೆ ಮೈ ಕೊರಡಿನಂತೆ ಸೆಟೆದುಕೊಂಡು, ಜ್ವರ ಏರಿ, ಪ್ರಜ್ಞೆ ಮಂಕಾಗಿ ಜೀವಕ್ಕೇ ಕುತ್ತು ಬರುತ್ತದೆ. ಪ್ರಮಾಣ ಇಳಿಸುವುದಿದ್ದರೂ ವೈದ್ಯರೇ ನೋಡಿಕೊಂಡು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.

ಇನ್ನು ಡೋಪಮೈನ್. ಮೆದುಳಿನ ಬುಡದಲ್ಲಿ ಎರಡೂ ಪಕ್ಕ ಕಪ್ಪಗಿನ ಸಣ್ಣ ಪಟ್ಟಿಯೊಂದಿದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಎಂಬ, ಸುದ್ದಿ ಒಯ್ಯುವ ರಾಸಾಯನಿಕವನ್ನು ತಯಾರಿಸಿ, ಚಲನೆಯ ಹದ ನೋಡುವ ಮೇಲಿನ ಭಾಗಕ್ಕೆ ಕಳುಹಿಸುತ್ತವೆ. ಪಾರ್ಕಿನ್ಸನ್‌ನಲ್ಲಿ ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ಮೊದಲ ಸಲ ನಡುಗುವ ಹೊತ್ತಿಗೆ ಸುಮಾರು ಅರ್ಧದಷ್ಟು ಹೋಗಿಯೇ ಇರುತ್ತವೆ. 1960ರಲ್ಲಿ ವಿಯೆನ್ನಾದ ಒಲೆಹ್ ಹೋರ್ನಿಕೀವಿಚ್ ಎಂಬ ವಿಜ್ಞಾನಿ, ತೀರಿಕೊಂಡ ರೋಗಿಗಳ ಮೆದುಳನ್ನು ಪರೀಕ್ಷಿಸಿ ಅಲ್ಲಿ ಡೋಪಮೈನ್ ಬತ್ತಿಹೋಗಿರುವುದನ್ನು ತೋರಿಸಿದರು. ಹಾಗಾದರೆ ಡೋಪಮೈನನ್ನೇ ಕೊಟ್ಟರಾಯಿತಲ್ಲ ಎನ್ನಬಹುದು. ಆಗುವುದಿಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ. ಡೋಪಮೈನ್ ಅದನ್ನು ದಾಟಲಾರದು. ಅದರ ಹಿಂದಿನ ರೂಪವಾದ ಲೆವೊಡೋಪಾ ದಾಟುತ್ತದೆ, ಒಳಗೆ ಹೋಗಿ ಡೋಪಮೈನ್ ಆಗುತ್ತದೆ. 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕೋಟ್ಜಿಯಾಸ್ ಅದನ್ನು ಬಾಯಿಯ ಮೂಲಕ ನಿಧಾನವಾಗಿ ಹೆಚ್ಚಿಸುತ್ತಾ ಕೊಟ್ಟು, ಹಾಸಿಗೆ ಹಿಡಿದವರು ಎದ್ದು ನಡೆಯುವಂತೆ ಮಾಡಿದರು. ನಿಮ್ಮ ಅಪ್ಪ ನುಂಗುವ ಮಾತ್ರೆ ಬಹುಶಃ ಅದೇ.

ಶಿಬಿರದವರು ತೋರಿಸಿದ ವರದಿಯನ್ನು ಈಗ ಇನ್ನೊಮ್ಮೆ ನೋಡಿ. ಮೂತ್ರದಲ್ಲಿ ಕಾಣುವ ಡೋಪಮೈನಿನ ಬಹುಪಾಲು ಮೂತ್ರಪಿಂಡದಲ್ಲೇ ತಯಾರಾದದ್ದು. ಸಾಲದ್ದಕ್ಕೆ, ಲೆವೊಡೋಪಾ ನುಂಗುವವರ ಮೂತ್ರದಲ್ಲಿ ಅದು ಮಾತ್ರೆಯಿಂದಲೇ ಏರುತ್ತದೆ. ಸಿಂಧನೂರಿನವರಾದ ನಿಮಗೆ ನಾನು ಕಾಲುವೆಯ ಲೆಕ್ಕ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ತುಂಬಿ ಹರಿದದ್ದನ್ನು ನೋಡಿ, ಕೊನೆ ಭಾಗದ ರೈತನ ಹೊಲ ತಣಿಯಿತೆಂದು ಯಾರಾದರೂ ಬರೆದುಕೊಟ್ಟರೆ ಒಪ್ಪುತ್ತೀರಾ? ಮೂತ್ರದ ವರದಿ ಹೇಳುವುದು ಮೇಲಿನ ನೀರಿನ ಮಾತು. ಮೆದುಳಿನ ಹೊಲಕ್ಕೆ ಎಷ್ಟು ಬಂತೆಂದು ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಅಪ್ಪನಿಗೆ ಹಗುರವಾದದ್ದು ಸುಳ್ಳೇ? ಅಲ್ಲ. ಅವರೊಂದಿಗೆ ಆ ಮಾತಿಗೆ ಜಗಳ ಮಾಡಬೇಡಿ. 2001ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಪಾರ್ಕಿನ್ಸನ್ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಔಷಧಿ ಇರಬಹುದು ಎಂದು ನಂಬಿಸಿ, ಔಷಧಿಯೇ ಇಲ್ಲದ ಬರೀ ದ್ರವವನ್ನು ಚುಚ್ಚಿ, ಮೆದುಳಿನ ಸ್ಕ್ಯಾನ್ ತೆಗೆದರು. ಗುಣವಾಗುತ್ತದೆಂಬ ನಿರೀಕ್ಷೆಯೊಂದರಿಂದಲೇ ಮೆದುಳು ತನ್ನಲ್ಲಿ ಉಳಿದಿದ್ದ ಡೋಪಮೈನನ್ನು ಬಿಡುಗಡೆ ಮಾಡಿತ್ತು. ಯಾರೋ ಎದುರಿಗೆ ಕುಳಿತು, ಕಾಲು ಮುಟ್ಟಿ, ನಿಮಗೆ ಗುಣವಾಗುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದಾಗ ಅಪ್ಪನೊಳಗೆ ಆದದ್ದೂ ಹೀಗೆಯೇ ಇರಬಹುದು. ಆದರೆ ಅದು ಉಳಿದಿರುವ ಕೋಶಗಳ ಗಂಟಿನಿಂದ ತೆಗೆದ ಖರ್ಚು. ಸತ್ತ ಕೋಶ ಅದರಿಂದ ಹುಟ್ಟುವುದಿಲ್ಲ. ಮೂರು ದಿನದ ಹಗುರ ಹದಿನೈದನೇ ದಿನಕ್ಕೆ ಇರುವುದೂ ಅಪರೂಪ.

ಅಂಗಾಲಿನಲ್ಲಿ ಇಡೀ ದೇಹದ ನಕ್ಷೆ ಇದೆ ಎಂಬ ಮಾತು ನಮ್ಮ ಹಿರಿಯರದೆಂದು ಅನೇಕರು ನಂಬಿದ್ದಾರೆ. ಈಗ ಶಿಬಿರಗಳಲ್ಲಿ ರಿಫ್ಲೆಕ್ಸಾಲಜಿ ಎಂದು ಕಲಿಸುವ ನಕ್ಷೆ ಅಮೆರಿಕದ್ದು. ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬ ವೈದ್ಯರು 1917ರಲ್ಲಿ ದೇಹವನ್ನು ವಲಯಗಳಾಗಿ ಹಂಚಿದರು. ಯೂನಿಸ್ ಇಂಗಮ್ ಎಂಬುವರು 1930ರ ದಶಕದಲ್ಲಿ ಅದನ್ನು ಪಾದಕ್ಕೆ ಇಳಿಸಿದರು. ಹೆಬ್ಬೆರಳಿನಿಂದ ಮೆದುಳಿನ ಆ ಕಪ್ಪು ಪಟ್ಟಿಗೆ ನೇರ ನರದಾರಿ ಯಾರಿಗೂ ಸಿಕ್ಕಿಲ್ಲ. ಅಂಗಾಲಿಗೆ ಇರುವ ನಿಜವಾದ ರಿಫ್ಲೆಕ್ಸ್ ಬೇರೆಯೇ. ಶಾಲೆಯಲ್ಲಿ ಪರಾವರ್ತಿತ ಕ್ರಿಯೆ ಎಂದು ಓದಿದ್ದೇವಲ್ಲ, ಅದು. ಕೀಲಿಯ ತುದಿಯಿಂದ ಹಿಮ್ಮಡಿಯಿಂದ ಬೆರಳಿನವರೆಗೆ ಗೀರಿದರೆ ದೊಡ್ಡವರ ಹೆಬ್ಬೆರಳು ಕೆಳಗೆ ಬಾಗಬೇಕು. ಮೇಲೆ ಎದ್ದರೆ ಮೆದುಳಿನಿಂದ ಇಳಿಯುವ ದಾರಿಯಲ್ಲಿ ಪೆಟ್ಟು ಬಿದ್ದಿದೆ ಎಂದರ್ಥ. 1896ರಲ್ಲಿ ಜೋಸೆಫ್ ಬಾಬಿನ್ಸ್ಕಿ ಇದನ್ನು ಹೇಳಿದರು. ಇವತ್ತಿಗೂ ನಾನು ದಿನಕ್ಕೆ ಹತ್ತು ಅಂಗಾಲು ಗೀರುತ್ತೇನೆ. ಅದು ಕಾಯಿಲೆಯನ್ನು ಪತ್ತೆ ಮಾಡುತ್ತದೆ, ವಾಸಿ ಮಾಡುವುದಿಲ್ಲ. ಅಪ್ಪನಿಗೆ ರಾತ್ರಿ ಕಾಲು ಒತ್ತಿಸಿಕೊಂಡರೆ ಹಿತವೆನಿಸಿದರೆ ಧಾರಾಳವಾಗಿ ಒತ್ತಿ. ಮಗ ಕಾಲು ಒತ್ತುವುದನ್ನು ಬೇಡವೆನ್ನಲು ನಾನ್ಯಾರು!

ಆದರೆ ಔಷಧಿ ಇಲ್ಲದ ದಾರಿ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಅದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ನಮ್ಮ ಅವ್ವ.

ಅವ್ವನಿಗೂ ಇದೇ ಕಾಯಿಲೆ ಇತ್ತು. ಕುಪ್ಪಸದ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾಗುತ್ತಿತ್ತು. ಒಂದು ದಿನ ಅಡುಗೆಮನೆಯಿಂದ ಪಟ ಪಟ ಸದ್ದು ಕೇಳಿ ಒಳಗೆ ಹೋದೆ. ಮಣೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎಡಗೈ ಹಿಟ್ಟನ್ನು ತಿರುಗಿಸುತ್ತಿದೆ, ಬಲಗೈ ಒಂದೇ ಲಯದಲ್ಲಿ ಬೀಳುತ್ತಿದೆ, ಅಂಚು ಎಲ್ಲೂ ಸೀಳಿಲ್ಲ. ಅಷ್ಟೂ ಹೊತ್ತು ಕೈ ನಡುಗಲಿಲ್ಲ. ರೊಟ್ಟಿ ಎತ್ತಿ ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಗ ನಡುಕ ಮತ್ತೆ ಬಂತು.

ನಡುಕದ ಮಾತು ಸುಲಭ. ಪಾರ್ಕಿನ್ಸನ್ ನಡುಕ ಕೈ ಸುಮ್ಮನಿರುವಾಗ ಜೋರು, ಕೆಲಸ ಮಾಡುವಾಗ ಕಡಿಮೆ. ಆದರೆ ಆ ಲಯ ಎಲ್ಲಿಂದ ಬಂತು? ಚಲನೆಗೆ ಒಳಗಿನಿಂದ ತಾಳ ಹಾಕುವುದು ಡೋಪಮೈನ್ ಬೇಡುವ ಭಾಗದ ಕೆಲಸ. ಆ ತಾಳ ಕ್ಷೀಣಿಸಿದಾಗ ಹೊರಗಿನ ತಾಳ, ಅಂದರೆ ಕಿವಿಗೆ ಬೀಳುವ ಸದ್ದು ಅಥವಾ ಕಣ್ಣಿಗೆ ಕಾಣುವ ಗೆರೆ, ಮೆದುಳಿನ ಬೇರೊಂದು ದಾರಿಯಿಂದ ಸ್ನಾಯುವನ್ನು ಎಬ್ಬಿಸುತ್ತದೆ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಅವ್ವ ತನ್ನ ಕೈಯ ಸದ್ದನ್ನೇ ತಾಳ ಮಾಡಿಕೊಂಡಿದ್ದಳು. ಇಲ್ಲಿ ಡೋಪಮೈನ್ ಹೆಚ್ಚಿರಲಿಲ್ಲ. ಕೊರತೆ ಇದ್ದೂ ಕೆಲಸ ನಡೆಯುವ ಬಳಸುದಾರಿ ಸಿಕ್ಕಿತ್ತು.

ನಿಮ್ಮ ಮನೆಯಲ್ಲಿ ಹೀಗೆ ಮಾಡಿ. ನೆಲ ಶಹಾಬಾದ್ ಪರ್ಸಿಯದಾಗಿದ್ದರೆ ಕಲ್ಲುಗಳ ನಡುವಿನ ಸಂದುಗಳೇ ಗೆರೆ. ಅಪ್ಪನಿಗೆ ಸಂದನ್ನು ದಾಟಿ ಹೆಜ್ಜೆ ಇಡಲು ಹೇಳಿ. ಕಲ್ಲು ತೀರಾ ದೊಡ್ಡದಾಗಿದ್ದರೆ, ಅಥವಾ ನೆಲ ಸಿಮೆಂಟಿನದಾಗಿದ್ದರೆ, ಬಾಗಿಲಿನ ಈಚೆ ಆಚೆ ಅವರ ಹೆಜ್ಜೆಗೆ ಹೊಂದುವ ಅಂತರದಲ್ಲಿ ಬಿಳಿ ಟೇಪ್ ಅಂಟಿಸಿ. ಕಾಲು ಅಂಟಿಕೊಂಡಾಗ ಹಿಂದಿನಿಂದ ತಳ್ಳಬೇಡಿ, ಕೈ ಹಿಡಿದು ಎಳೆಯಲೂಬೇಡಿ, ಮುಗ್ಗರಿಸಿ ಬೀಳುತ್ತಾರೆ. ಪಕ್ಕದಲ್ಲಿ ನಿಂತು, ನಿಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು, ಇದನ್ನು ದಾಟಪ್ಪಾ ಎನ್ನಿ. ನಮ್ಮ ಅವ್ವ ಹೊಸ್ತಿಲ ಮುಂದೆ ನಿಂತುಬಿಟ್ಟಾಗ ನಾನು ಚಪ್ಪಾಳೆ ತಟ್ಟಿ ಭಜನೆಯ ತಾಳ ಹಾಕುತ್ತಿದ್ದೆ. ಮೂರನೆಯ ಪೆಟ್ಟಿಗೆ ಹೆಜ್ಜೆ ಎದ್ದುಬಿಡುತ್ತಿತ್ತು. ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಸಿಗುತ್ತದೆ. ಒಂದು ನಿಮಿಷಕ್ಕೆ ಅವರು ಎಷ್ಟು ಹೆಜ್ಜೆ ಇಡುತ್ತಾರೆಂದು ಎಣಿಸಿ, ಅಷ್ಟಕ್ಕೇ ಇಟ್ಟು ಆರಂಭಿಸಿ.

ವ್ಯಾಯಾಮ ಇದಕ್ಕಿಂತಲೂ ಮುಖ್ಯ, ಅದೂ ಏದುಸಿರು ಬರುವಷ್ಟು. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಇನ್ನೂ ಮಾತ್ರೆ ಆರಂಭಿಸದ ಹೊಸ ರೋಗಿಗಳು ಟ್ರೆಡ್‌ಮಿಲ್ ಮೇಲೆ ಜೋರಾಗಿ ನಡೆದಾಗ, ಆರು ತಿಂಗಳಲ್ಲಿ ಅವರ ಚಲನೆಯ ಲಕ್ಷಣಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ವ್ಯಾಯಾಮ ಮಾಡದವರಲ್ಲಿ ಕೆಟ್ಟವು. ನಿಮ್ಮ ಅಪ್ಪನ ವಯಸ್ಸಿಗೆ ಹೃದಯ ಪರೀಕ್ಷೆ ಮಾಡಿಸಿ, ನಂತರ ಬೆಳಗಿನ ತಂಪಿನಲ್ಲಿ ಕಾಲುವೆ ಏರಿಯ ಬದಲು ಸಮನಾದ ರಸ್ತೆಯಲ್ಲಿ ನಡೆಸಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಎಂಟು ಗಂಟೆಯ ಮೇಲೆ ಬೇಡ.

ಮಾತ್ರೆಯ ವಿಷಯದಲ್ಲಿ ಇನ್ನೊಂದು ಮಾತು. ಬೇಳೆ, ಹಾಲು, ಮೊಟ್ಟೆಯ ಪ್ರೊಟೀನು ಒಳಗೆ ಹೋಗಲು ಲೆವೊಡೋಪಾದೊಂದಿಗೆ ಒಂದೇ ಬಾಗಿಲಿನಲ್ಲಿ ನೂಕಾಡುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಮಾತ್ರೆ ಕೆಲಸ ಮಾಡುತ್ತಿಲ್ಲ ಎನ್ನುವ ಎಷ್ಟೋ ಮನೆಗಳಲ್ಲಿ ಅದನ್ನು ತುಂಬಿದ ಹೊಟ್ಟೆಯ ಮೇಲೆ ಹಾಲಿನೊಂದಿಗೆ ಕೊಡುತ್ತಿರುವುದನ್ನು ನಾನು ಕಂಡಿದ್ದೇನೆ. ಮತ್ತು ಗದ್ದೆಗೆ ಕಳೆನಾಶಕ ಹೊಡೆಯುವವರು ಈಗ ನೀವೇ ತಾನೆ? ಪ್ಯಾರಾಕ್ವಾಟ್‌ನಂತಹ ಕಳೆನಾಶಕಗಳಿಗೂ ಈ ಕಾಯಿಲೆಗೂ ನಂಟಿದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಕೈಗವಸು, ಮುಖಗವಸು ಇಲ್ಲದೆ ಪಂಪು ಬೆನ್ನಿಗೇರಿಸಬೇಡಿ.

ನನ್ನ ಮಗನಿಗೆ 11 ತಿಂಗಳು. ಹುಟ್ಟಿದಾಗ ಅಳಲಿಲ್ಲ. ಇನ್ನೂ ಕುತ್ತಿಗೆ ಸರಿಯಾಗಿ ನಿಂತಿಲ್ಲ. ದೊಡ್ಡ ಊರಿನಲ್ಲಿ ಎದೆ ಮತ್ತು ಹಿಮ್ಮಡಿಯ ಕೆಲವು ಜಾಗ ಒತ್ತುವುದನ್ನು ಕಲಿಸಿ ದಿನಕ್ಕೆ ನಾಲ್ಕು ಸಲ ಮಾಡಲು ಹೇಳಿದ್ದಾರೆ. ಒತ್ತಿದಾಗ ಮಗು ತುಂಬಾ ಅಳುತ್ತದೆ. ಮುಂದುವರಿಸಲೇ?
— ಒಬ್ಬ ತಾಯಿ, ದೇವದುರ್ಗ

ತಾಯೀ, ಇದು ವೊಯ್ಟಾ ಚಿಕಿತ್ಸೆಯಂತೆ ಕಾಣುತ್ತದೆ. ವಾತ್ಸ್ಲಾವ್ ವೊಯ್ಟಾ ಎಂಬ ಜೆಕ್ ನರವೈದ್ಯರು ರೂಪಿಸಿದ್ದು. ಮಗುವನ್ನು ನಿರ್ದಿಷ್ಟ ಭಂಗಿಯಲ್ಲಿ ಮಲಗಿಸಿ ಕೆಲವು ಬಿಂದು ಒತ್ತಿದರೆ ತೆವಳುವ, ಹೊರಳುವ ಚಲನೆ ಇಡೀ ಮೈಯಲ್ಲಿ ತಾನಾಗಿ ಏಳುತ್ತದೆ. ಆ ಚಲನೆ ಏಳುವುದು ನಿಜ, ನಾನು ಕಣ್ಣಾರೆ ನೋಡಿದ್ದೇನೆ. ಆದರೆ ವರ್ಷಗಟ್ಟಲೆ ಒತ್ತಿದ ಮಗು ಒತ್ತದ ಮಗುವಿಗಿಂತ ಚೆನ್ನಾಗಿ ನಡೆಯಿತು ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಈಗ ಹೆಚ್ಚು ಬಲ ಇರುವುದು ಮಗು ತಾನೇ ಬಯಸಿ ಮಾಡುವ ಚಲನೆಗೆ. ಬೋರಲು ಮಲಗಿಸಿ, ಎದೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಕಣ್ಣಿನ ಮುಂದೆ ಹೊಳೆಯುವ ಸ್ಟೀಲ್ ಲೋಟ ಹಿಡಿಯಿರಿ. ಅದನ್ನು ನೋಡಲು ಎತ್ತುವ ತಲೆ ಅವನದೇ ಎತ್ತಿದ ತಲೆ. ನಾಲ್ಕು ಸಲದ ಅಳು ನಿಮ್ಮನ್ನೂ ಮಗುವನ್ನೂ ಹಣಿಯುತ್ತಿದ್ದರೆ ಕಲಿಸಿದವರಿಗೆ ಅಂಜದೆ ಹಾಗೆಂದು ಹೇಳಿ. ಹಾಲು ಕುಡಿದ ಕೂಡಲೇ, ಜ್ವರ ಇದ್ದಾಗ ಒತ್ತಲೇಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುತ್ತದೆ. ಅವರ ಮೂಲಕ ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆಸಿಕೊಂಡು ಬನ್ನಿ. ಕಿವಿ, ಕಣ್ಣಿನ ಪರೀಕ್ಷೆಯೂ ಆಗಲಿ.

ನಮ್ಮ ಶಾಲೆಯಲ್ಲಿ ಏಳನೇ ತರಗತಿಯ ಹುಡುಗಿಗೆ ಫಿಟ್ಸ್ ಬಂತು. ಒಬ್ಬರು ಕೀಲಿಗೊಂಚಲನ್ನು ಕೈಯಲ್ಲಿ ಇಟ್ಟರು, ಇನ್ನೊಬ್ಬರು ಈರುಳ್ಳಿ ಮೂಸಿಸಿದರು. ಎರಡು ನಿಮಿಷಕ್ಕೆ ನಿಂತಿತು. ಕಬ್ಬಿಣದಲ್ಲಿ ಏನೋ ಇದೆ ಎಂದು ಎಲ್ಲರೂ ನಂಬಿದ್ದಾರೆ. ವಿಜ್ಞಾನದ ಶಿಕ್ಷಕನಾಗಿ ನಾನು ಏನು ಹೇಳಲಿ?
— ಒಬ್ಬ ಶಿಕ್ಷಕರು, ಕುಕನೂರು, ಕೊಪ್ಪಳ ಜಿಲ್ಲೆ

ಗುರುಗಳೇ, ಮುಂದಿನ ಸಲ ಗಡಿಯಾರ ನೋಡಿ. ಬಹುತೇಕ ಫಿಟ್ಸ್ ಒಂದರಿಂದ ಮೂರು ನಿಮಿಷದಲ್ಲಿ ತಾವೇ ನಿಲ್ಲುತ್ತವೆ. ಗಾಬರಿಯಲ್ಲಿ ಓಡಿ, ಕೀಲಿ ಹುಡುಕಿ ತರುವಷ್ಟರಲ್ಲಿ ಅದು ನಿಲ್ಲುವ ಹೊತ್ತೇ ಆಗಿರುತ್ತದೆ. ಕೀರ್ತಿ ಕೀಲಿಗೆ ಹೋಗುತ್ತದೆ.

ನಿಜವಾಗಿ ನಿಲ್ಲಿಸುವುದು ಮೆದುಳಿನ ರಸಾಯನವೇ. ಕೋಶಗಳನ್ನು ಕೆರಳಿಸುವ ಗ್ಲುಟಮೇಟ್, ತಣಿಸುವ ಗಾಬಾ, ಈ ಎರಡರ ತಕ್ಕಡಿ ಒಂದು ಕಡೆ ವಾಲಿದಾಗ ಸಾವಿರಾರು ಕೋಶಗಳು ಒಟ್ಟಿಗೆ ಸಿಡಿಯುತ್ತವೆ. ಹಾಗೆ ಸಿಡಿದ ಕೋಶಗಳು ಶಕ್ತಿ ಸುಡುತ್ತಾ ಅಡೆನೊಸಿನ್ ಎಂಬುದನ್ನು ಹೊರಚೆಲ್ಲುತ್ತವೆ. ಅದು ಮಿದುಳನ್ನು ತಣ್ಣಗಾಗಿಸುವವುಗಳಲ್ಲಿ ಒಂದು. ಬೆಂಕಿಯೇ ತನ್ನ ಮೇಲೆ ಬೂದಿ ಮುಚ್ಚಿಕೊಂಡ ಹಾಗೆ. ಫಿಟ್ಸ್ ನಂತರ ಮಗು ಮಂಕಾಗಿ ನಿದ್ದೆಗೆ ಜಾರುವುದಕ್ಕೆ ಇಂತಹವೂ ಕಾರಣ.

ನಿಮ್ಮ ಹಿರಿಯರ ನಂಬಿಕೆಯಲ್ಲಿ ಎಳ್ಳಷ್ಟೂ ಹುರುಳಿಲ್ಲ ಎಂದೂ ಹೇಳಲಾರೆ. ಬೆರಳ ತುದಿಯಿಂದ ಜುಮ್ಮೆಂದು ಆರಂಭವಾಗಿ ತೋಳಿಗೆ ಏರುವ ಒಂದು ಬಗೆಯ ಫಿಟ್ಸ್ ಇದೆ. ಆ ಮೊದಲ ಕ್ಷಣಗಳಲ್ಲಿ ತೋಳನ್ನು ಬಿಗಿಯಾಗಿ ಕಟ್ಟಿದರೆ, ಉಜ್ಜಿದರೆ ಕೆಲವರಲ್ಲಿ ಅದು ಅಲ್ಲೇ ತಡೆಯುವುದನ್ನು 19ನೇ ಶತಮಾನದ ಇಂಗ್ಲಿಷ್ ನರವೈದ್ಯ ವಿಲಿಯಂ ಗೋವರ್ಸ್ ಅವರಂತಹವರು ಗಮನಿಸಿದ್ದರು. ಕುತ್ತಿಗೆಯ ವೇಗಸ್ ನರಕ್ಕೆ ಪುಟ್ಟ ಯಂತ್ರದಿಂದ ವಿದ್ಯುತ್ ಮಿಡಿತ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 1997ರಲ್ಲೇ ಅನುಮತಿ ಸಿಕ್ಕಿದೆ. ಹೊರಗಿನ ನರದಿಂದ ಒಳಗಿನ ಬಿರುಗಾಳಿಯನ್ನು ಮುಟ್ಟಬಹುದು ಎಂಬ ಎಣಿಕೆ ತಪ್ಪಲ್ಲ. ಆದರೆ ಪ್ರಜ್ಞೆ ತಪ್ಪಿ ಇಡೀ ಮೈ ಅದುರುತ್ತಿರುವ ಹುಡುಗಿಯ ಮುಷ್ಟಿಗೆ ತುರುಕಿದ ಕೀಲಿ ಆ ಕೆಲಸ ಮಾಡದು. ಅಂಗೈ ಗೀರಿ ಗಾಯವಾದೀತು.

ಮಕ್ಕಳಿಗೂ ಸಹೋದ್ಯೋಗಿಗಳಿಗೂ ಹೀಗೆ ಹೇಳಿಕೊಡಿ: ಪಕ್ಕಕ್ಕೆ ಮಗ್ಗುಲಾಗಿ ಮಲಗಿಸುವುದು, ತಲೆಯ ಕೆಳಗೆ ಮಡಿಚಿದ ಬಟ್ಟೆ, ಹತ್ತಿರದ ಬೆಂಚು ಕಲ್ಲು ಸರಿಸುವುದು. ಬಾಯಿಗೆ ಚಮಚೆಯೂ ಬೇಡ, ನೀರೂ ಬೇಡ. ಕೈಕಾಲು ಅದುಮಿ ಹಿಡಿಯುವುದೂ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಆ ಹುಡುಗಿ ಮತ್ತೆ ಅದೇ ಬೆಂಚಿನಲ್ಲಿ, ಅದೇ ಗೆಳತಿಯ ಪಕ್ಕ ಕೂರುವಂತೆ ನೋಡಿಕೊಳ್ಳಿ. ಇದು ಅಂಟುವ ರೋಗವಲ್ಲ. ಮಾತ್ರೆ ಬರೆದುಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಬಾರದೆಂದು ಅವರ ಮನೆಗೆ ಹೋಗಿ ನೀವೇ ಹೇಳಿ. ಮೇಷ್ಟ್ರು ಹೇಳಿದ ಮಾತಿಗೆ ಹಳ್ಳಿಯಲ್ಲಿ ಇನ್ನೂ ಬೆಲೆ ಇದೆ.

ನಮ್ಮ ಯಜಮಾನರು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆಯಿತು. ಈಗ ನಡೆಯುತ್ತಾರೆ. ಎಡಗೈ ಮಾತ್ರ ಬಿಗಿಯಾಗಿ ಮುಷ್ಟಿ ಕಟ್ಟಿದೆ. ನಾನೂ ಮಗನೂ ಸೇರಿ ಜೋರಾಗಿ ಎಳೆದು ಬಿಡಿಸುತ್ತೇವೆ. ಎಳೆದಷ್ಟೂ ಬಿಗಿಯಾಗುತ್ತದೆ. ನಾಟಿ ಎಣ್ಣೆಯನ್ನೂ ಹಚ್ಚಿದ್ದೇವೆ.
— ಒಬ್ಬ ಓದುಗರು, ಬಳ್ಳಾರಿ

ಅಕ್ಕಾ, ಜೋರಾಗಿ ಎಳೆಯುವುದನ್ನು ಇವತ್ತಿನಿಂದ ನಿಲ್ಲಿಸಿ. ಕಾರಿನ ಸೀಟ್ ಬೆಲ್ಟ್ ನೋಡಿದ್ದೀರಲ್ಲ, ಮೆಲ್ಲಗೆ ಎಳೆದರೆ ಬರುತ್ತದೆ, ಜಗ್ಗಿದರೆ ಕಚ್ಚಿಕೊಳ್ಳುತ್ತದೆ. ಸ್ನಾಯುವೂ ಹಾಗೆಯೇ. ಅದರೊಳಗೆ ಎಳೆತದ ವೇಗವನ್ನು ಅಳೆಯುವ ಸಣ್ಣ ಅಂಗಗಳಿವೆ. ಸರಕ್ಕನೆ ಎಳೆದರೆ ಅವು ಬೆನ್ನುಹುರಿಗೆ ಸುದ್ದಿ ಕಳುಹಿಸುತ್ತವೆ, ಬೆನ್ನುಹುರಿ ಮರುಕ್ಷಣವೇ ಬಿಗಿಯಾಗು ಎನ್ನುತ್ತದೆ. ಮಂಡಿಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಹಾರುವುದೂ ಇದೇ ರಿಫ್ಲೆಕ್ಸ್. ಅದನ್ನು ಅಂಕೆಯಲ್ಲಿ ಇಟ್ಟಿದ್ದದ್ದು ಮೆದುಳು. ಲಕ್ವದಲ್ಲಿ ಆ ಅಂಕೆಯ ಹಗ್ಗ ಹರಿದಿದೆ. ನೀವಿಬ್ಬರೂ ಸೇರಿ ಜಗ್ಗುವಾಗೆಲ್ಲ ಅದನ್ನು ಇನ್ನಷ್ಟು ಕೆಣಕುತ್ತಿದ್ದೀರಿ.

ವೈದ್ಯರು ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟಿರಬಹುದು. ಅದು ಬೆನ್ನುಹುರಿಯಲ್ಲಿ ಗಾಬಾದ ಕೆಲಸವನ್ನೇ ಮಾಡಿ ಆ ಬಿಗಿತವನ್ನು ಸಡಿಲಿಸುತ್ತದೆ. ನಿಮ್ಮ ಕೈ ಹೊರಗಿನಿಂದ, ಮಾತ್ರೆ ಒಳಗಿನಿಂದ ಒಂದೇ ಗಂಟನ್ನು ಬಿಡಿಸುತ್ತಿವೆ. ಅದನ್ನೂ ತಾನಾಗಿ ಒಮ್ಮೆಲೇ ಬಿಡಬಾರದು.

ಹೀಗೆ ಮಾಡಿ. ಮೊದಲು ಮಣಿಕಟ್ಟನ್ನು ಒಳಕ್ಕೆ ಬಾಗಿಸಿ. ಬೆರಳು ತಾನಾಗಿ ಸ್ವಲ್ಪ ಸಡಿಲವಾಗುತ್ತದೆ. ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಕ್ಕೆ ತನ್ನಿ, ನಂತರ ಉಳಿದವನ್ನು ಒಂದೊಂದಾಗಿ. ಬೆರಳು ಬಿಚ್ಚಿದ ಮೇಲೆ ಮಣಿಕಟ್ಟನ್ನು ಮೆಲ್ಲಗೆ ಮೇಲಕ್ಕೆ. ಒಂದು ನಿಮಿಷ ಹಾಗೆಯೇ ಹಿಡಿದಿರಿ. ಅಂಗೈ ಒಳಗೆ ಬೆವರು ನಿಂತು ಹುಣ್ಣಾಗದಂತೆ ತೊಳೆದು ಒರೆಸಿ. ಎಣ್ಣೆ ಹಚ್ಚಿದರೆ ತಪ್ಪಿಲ್ಲ, ಬಿಸಿ ಮಾತ್ರ ಬೇಡ. ಆ ಕೈಗೆ ಸುಡುವುದು ತಿಳಿಯದೆ ಇರಬಹುದು.

ಆದರೆ ಎಳೆತ ಬಾಗಿಲು ತೆರೆಯುತ್ತದೆ ಅಷ್ಟೇ. ತೆರೆದ ಅರ್ಧ ಗಂಟೆಯಲ್ಲಿ ಕೈ ಕೆಲಸ ಮಾಡಬೇಕು, ಆಗಲೇ ಮೆದುಳು ಹೊಸ ದಾರಿ ಹಾಕಿಕೊಳ್ಳುತ್ತದೆ. ಹಳೆಯ ಜೀನ್ಸ್ ತುಂಡೊಂದನ್ನು ಮೇಜಿನ ಮೇಲೆ ಹಾಕಿ. ಎಡ ಅಂಗೈ ಅದನ್ನು ಒತ್ತಿ ಹಿಡಿಯಲಿ, ಬಲಗೈ ಸೀಮೆಸುಣ್ಣದಿಂದ ಗೆರೆ ಎಳೆಯಲಿ. ಆಮೇಲೆ ಬಟ್ಟೆಯನ್ನು ಎಡಗೈಯಿಂದ ಮುಂದಕ್ಕೆ ಜರುಗಿಸಲು ಹೇಳಿ, ಹೊಲಿಗೆ ಯಂತ್ರದ ಕೆಳಗೆ ಜರುಗಿಸುತ್ತಿದ್ದ ಹಾಗೆ. ಮೊದಲ ದಿನ ಅರ್ಧ ಇಂಚು ಸರಿದರೂ ಸಾಕು. ಸರಿದಷ್ಟನ್ನು ಅದೇ ಬಟ್ಟೆಯ ಮೇಲೆ ಸುಣ್ಣದಲ್ಲಿ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆದು, ತಿಂಗಳ ಕೊನೆಗೆ ಆ ಬಟ್ಟೆಯ ಅಳತೆಯನ್ನು ನನಗೆ ಬರೆದು ಕಳುಹಿಸಿ.